ಆಯಿಲ್ ರಿಪೋರ್ಟಿನಲ್ಲಿ ಕಬ್ಬಿಣ 142: ಎಂಜಿನ್ ಬಿಚ್ಚಲೇಬೇಕೇ?

ಸಂಡೂರಿನ ಟಿಪ್ಪರ್ ಮಾಲೀಕರೊಬ್ಬರ ಪತ್ರ ಇದು. ಉದ್ದ ಸ್ವಲ್ಪ ಕಡಿಮೆ ಮಾಡಿದ್ದೇನೆ, ಅಂಕಿಗಳನ್ನು ಮುಟ್ಟಿಲ್ಲ. ಲೋಹದ ಅಂಕಿಗಳೆಲ್ಲ ಪಿಪಿಎಂನಲ್ಲಿವೆ, ಅಂದರೆ ಹತ್ತು ಲಕ್ಷದಲ್ಲಿ ಇಷ್ಟು ಪಾಲು ಎಂದು.

"ಸರ್, ನಮಸ್ಕಾರ. ನಮ್ಮ ಹತ್ತಿರ ಎರಡು ಹತ್ತು ಚಕ್ರದ ಟಿಪ್ಪರ್ ಇವೆ. ಎರಡೂ 2018ರ ಬಿಎಸ್-4 ಗಾಡಿ, ಒಂದೇ ಮಾಡೆಲ್. ಗಣಿಯಿಂದ ಅದಿರು ತುಂಬಿಕೊಂಡು ತೋರಣಗಲ್ಲು ಕಡೆ ಹೊಡೆಯುತ್ತೇವೆ. ಆಯಿಲ್ 15ಡಬ್ಲ್ಯೂ-40 ಗ್ರೇಡು, ಸಿಐ-4 ಪ್ಲಸ್ ದರ್ಜೆ. 400 ತಾಸಿಗೊಮ್ಮೆ ಬದಲಿಸುತ್ತೇವೆ. ಹೋದ ತಿಂಗಳು ಆಯಿಲ್ ಮಾರುವವರೊಬ್ಬರು ಕ್ಯಾಂಪ್ ಹಾಕಿ, ಎರಡೂ ಗಾಡಿಯ ಹಳೇ ಆಯಿಲ್ ಒಯ್ದು ಟೆಸ್ಟ್ ಮಾಡಿಸಿ ಕೊಟ್ಟರು. ಮೊದಲನೇ ಗಾಡಿಯದು ಹೀಗಿದೆ: ಕಬ್ಬಿಣ 142, ಸಿಲಿಕಾನ್ 46, ಅಲ್ಯೂಮಿನಿಯಂ 27, ಕ್ರೋಮಿಯಂ 5, ತಾಮ್ರ 9, ಸೀಸ 3, ಸೋಡಿಯಂ 4. ಸ್ನಿಗ್ಧತೆ 13.4, ಟಿಬಿಎನ್ 5.8, ಮಸಿ ಶೇ 1.2, ನೀರು ಇಲ್ಲ, ಡೀಸೆಲ್ ಶೇ 1ಕ್ಕಿಂತ ಕಡಿಮೆ. ಕಬ್ಬಿಣಕ್ಕೆ ಕೆಂಪು ಗುರುತು ಹಾಕಿದ್ದಾರೆ. ಲೈನರ್ (ಸಿಲಿಂಡರಿನ ಒಳಗೋಡೆ) ಹೋಗಿದೆ, ಎಂಜಿನ್ ಬಿಚ್ಚಿ ಅನ್ನುತ್ತಾರೆ. ಒಂದೂವರೆ ಲಕ್ಷ ಎಸ್ಟಿಮೇಟ್, ಹತ್ತು ದಿನ ಗಾಡಿ ನಿಲ್ಲಬೇಕು. ನಮ್ಮ ಮೇಸ್ತ್ರಿ ಮಾತ್ರ, ಎಂಜಿನ್ನಿಗೆ ಏನೂ ಆಗಿಲ್ಲ, ಹಾಕಿದ ಎರಡೇ ದಿನಕ್ಕೆ ಕಪ್ಪಾಗುತ್ತದೆ, ಆಯಿಲ್ಲೇ ಡೂಪ್ಲಿಕೇಟ್ ಅನ್ನುತ್ತಾನೆ. ಬೆರಳಿಗೆ ಹಚ್ಚಿ ತಿಕ್ಕಿ ಗ್ರಿಪ್ ಇಲ್ಲ ಎಂದು ತೋರಿಸಿದ. ಪಿಕಪ್ ಚೆನ್ನಾಗಿದೆ, ಹೊಗೆ ಇಲ್ಲ, ಆಯಿಲ್ ಪ್ರೆಷರ್ ಸರಿಯಾಗಿದೆ, ಸರ್ವಿಸ್ ನಡುವೆ ಎರಡು ಲೀಟರ್ ಟಾಪಪ್ ಮಾಡುತ್ತೇವೆ. ಎರಡನೇ ಗಾಡಿಯಲ್ಲಿ ಕಬ್ಬಿಣ 51, ಸಿಲಿಕಾನ್ 11, ಅಲ್ಯೂಮಿನಿಯಂ 7, ಕ್ರೋಮಿಯಂ 4, ಉಳಿದಿದ್ದೆಲ್ಲ ಹೆಚ್ಚುಕಡಿಮೆ ಅಷ್ಟೇ. ಹುಡುಗ ಎರಡೂ ಗಾಡಿಯ ಆಯಿಲನ್ನು ಯಾರ್ಡಿನಲ್ಲೇ ಪ್ಲಗ್ ಬಿಚ್ಚಿ ನೀರಿನ ಬಾಟಲಿಗೆ ಹಿಡಿದ. ಯಾರ ಮಾತು ಕೇಳಬೇಕು? ಇನ್ನೊಂದು ಸಣ್ಣ ಪ್ರಶ್ನೆ: ತೆಗೆದ ಆಯಿಲನ್ನು ನಮ್ಮಣ್ಣ ದನಗಳ ಉಣ್ಣಿಗೆ ಹಚ್ಚಲು ಊರಿಗೆ ಒಯ್ಯುತ್ತಾನೆ, ಪರವಾಗಿಲ್ಲವೇ?"

ಒಂದೂವರೆ ಲಕ್ಷ ಹಾಕಿ ಎಂಜಿನ್ ಬಿಚ್ಚಬೇಕೋ ಬೇಡವೋ ಎಂಬುದೇ ನಿಮ್ಮ ನಿಜವಾದ ಚಿಂತೆ. ಆ ಉತ್ತರ ಮೊದಲು ಹೇಳಿಬಿಡುತ್ತೇನೆ. ಈ ಒಂದು ಕಾಗದ ನಂಬಿ ಈಗ ಬಿಚ್ಚಬೇಡಿ. ಹಾಗೆಂದು ಸುಮ್ಮನೆ ಓಡಿಸಲೂ ಬೇಡಿ. ನಿಮ್ಮ ಮೊದಲನೇ ಗಾಡಿ ಧೂಳು ಕುಡಿಯುತ್ತಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಅದು ಎಲ್ಲಿಂದ ಒಳಗೆ ಹೋಗುತ್ತಿದೆ ಎಂದು ಇದೇ ವಾರ ಹುಡುಕಿ. ಯಾಕೆ ಎನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಮೇಸ್ತ್ರಿಯ ಮಾತಿನಿಂದಲೇ ಶುರು ಮಾಡೋಣ, ಅವರಿಗೆ ಗೌರವ ಇಟ್ಟುಕೊಂಡೇ. ಎಂಜಿನ್ನಿನ ಸದ್ದು ಕೇಳಿ ಯಾವ ಸಿಲಿಂಡರ್ ಸರಿಯಿಲ್ಲ ಎಂದು ಹೇಳುವ ಮೇಸ್ತ್ರಿಗಳನ್ನು ನಾನು ಹೊಸಪೇಟೆಯಲ್ಲೂ ಸಿಂಧನೂರಿನಲ್ಲೂ ನೋಡಿದ್ದೇನೆ. ಆ ಕಿವಿ ನನಗಿಲ್ಲ. ಆದರೆ ಕಪ್ಪು ಬಣ್ಣದ ವಿಷಯದಲ್ಲಿ ಅವರು ಹೇಳುವುದು ತಪ್ಪು. ಡೀಸೆಲ್ ಉರಿದಾಗ ಮಸಿ ಹುಟ್ಟುತ್ತದೆ, ಒಂದು ಪಾಲು ಪಿಸ್ಟನ್ ರಿಂಗುಗಳನ್ನು ದಾಟಿ ಚೇಂಬರಿಗೆ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ, ಇಳಿಯುತ್ತದೆ. ಆ ಕಣಗಳು ಒಂದು ಮೈಕ್ರಾನಿಗಿಂತ ಎಷ್ಟೋ ಚಿಕ್ಕವು. ಅವು ಒಂದಕ್ಕೊಂದು ಅಂಟಿ ಗಟ್ಟಿಯಾಗದಂತೆ ಬಿಡಿಬಿಡಿಯಾಗಿ ಹೊತ್ತು ತಿರುಗಲೆಂದೇ ಆಯಿಲಿಗೆ ರಾಸಾಯನಿಕ ಸೇರಿಸಿರುತ್ತಾರೆ. ಆಯಿಲ್ ಕಪ್ಪಾಯಿತು ಎಂದರೆ ಮಸಿಯನ್ನು ಹೊತ್ತುಕೊಂಡಿದೆ ಎಂದು ಅರ್ಥ. ಡ್ರೈನ್ ಮಾಡಿದರೂ ಆಯಿಲ್ ಹರಿಯುವ ಗ್ಯಾಲರಿಗಳಲ್ಲಿ, ಕೂಲರಿನಲ್ಲಿ ಹಳೇ ಆಯಿಲ್ ಸ್ವಲ್ಪ ಉಳಿದೇ ಇರುತ್ತದೆ. ಹೊಸದನ್ನು ಎರಡು ದಿನದಲ್ಲಿ ಕಪ್ಪು ಮಾಡಲು ಅಷ್ಟು ಸಾಕು. ನನಗೆ ಭಯವಾಗುವುದು ಸಾವಿರಾರು ಕಿಲೋಮೀಟರ್ ಓಡಿದ ಮೇಲೂ ಜೇನಿನ ಬಣ್ಣದಲ್ಲೇ ಇರುವ ಡೀಸೆಲ್ ಎಂಜಿನ್ ಆಯಿಲ್ ಕಂಡಾಗ. ಮಸಿ ಆಯಿಲಿನಲ್ಲಿ ಇಲ್ಲದಿದ್ದರೆ ಚೇಂಬರಿನ ತಳದಲ್ಲೋ ರಿಂಗು ಕೂರುವ ತೋಡಿನಲ್ಲೋ ಕೂತಿರಬಹುದು.

ಬೆರಳಿಗೆ ಹಚ್ಚಿ ತಿಕ್ಕುವುದೂ ಅಷ್ಟೇ. ಆಯಿಲಿನ ದಪ್ಪವನ್ನು, ಅಂದರೆ ಸ್ನಿಗ್ಧತೆಯನ್ನು, ಲ್ಯಾಬಿನಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆಯುತ್ತಾರೆ, ಏಕೆಂದರೆ ಎಂಜಿನ್ ಕೆಲಸ ಮಾಡುವುದು ಆ ಬಿಸಿಯಲ್ಲಿ. ಬೆರಳ ನಡುವೆ ಅದು ಮೈಯ ಬಿಸಿಯಲ್ಲಿ ಇರುತ್ತದೆ, ಬಳ್ಳಾರಿಯ ಮೇ ತಿಂಗಳಲ್ಲಿ ಒಂದು ತರಹ, ಡಿಸೆಂಬರಿನಲ್ಲಿ ಇನ್ನೊಂದು ತರಹ. ಬೆರಳಿಗೆ ಗರಗರ ಅನ್ನಿಸಿದರೆ ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಬೆರಳಿಗೆ ಸಿಗುವಷ್ಟು ದಪ್ಪ ಕಣ ಆಯಿಲಿನಲ್ಲಿ ಇರಲೇಬಾರದು.

ಈಗ ನಿಮ್ಮ ರಿಪೋರ್ಟು. ಅದರಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ, ಅವನ್ನು ಕಲಸಿಕೊಂಡಿದ್ದರಿಂದಲೇ ಗೊಂದಲ. ಒಂದು, ಆಯಿಲಿನ ಆರೋಗ್ಯ. ಇನ್ನೊಂದು, ಎಂಜಿನ್ನಿನ ಆರೋಗ್ಯ.

ಆಯಿಲ್ ಚೆನ್ನಾಗಿದೆ. 40ರ ಗ್ರೇಡಿನ ಆಯಿಲ್ 100 ಡಿಗ್ರಿಯಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ ಒಳಗೆ ಇರಬೇಕು; ನಿಮ್ಮದು 13.4. ಡೀಸೆಲ್ ಬೆರೆತಿದ್ದರೆ ಅದು ಕೆಳಗೆ ಬೀಳುತ್ತಿತ್ತು, ಮಸಿ ವಿಪರೀತ ಆಗಿದ್ದರೆ ಮೇಲೆ ಹೋಗುತ್ತಿತ್ತು. ಟಿಬಿಎನ್ ಎಂದರೆ ಆಮ್ಲವನ್ನು ತಡೆಯಲು ಆಯಿಲಿನಲ್ಲಿ ಉಳಿದಿರುವ ಕ್ಷಾರದ ಬಂಡವಾಳ. ಈ ದರ್ಜೆಯ ಹೊಸ ಆಯಿಲಿನಲ್ಲಿ ಅದು ಸಾಮಾನ್ಯವಾಗಿ 10ರ ಆಸುಪಾಸು ಇರುತ್ತದೆ. ಅರ್ಧಕ್ಕೆ ಇಳಿದರೆ ಬದಲಿಸಿ ಎನ್ನುವುದು ನಮ್ಮ ಲೆಕ್ಕ, ನಿಮ್ಮದು ಇನ್ನೂ 5.8. 2020ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಬಿಎಸ್-6 ಡೀಸೆಲ್ ಬಂತು. ಗಂಧಕದ ಮಿತಿ 50 ಪಿಪಿಎಂನಿಂದ 10ಕ್ಕೆ ಇಳಿಯಿತು. ಗಂಧಕ ಕಡಿಮೆಯಾದಷ್ಟೂ ಆಮ್ಲ ಕಡಿಮೆ, ಈ ಬಂಡವಾಳ ಕರಗುವುದೂ ನಿಧಾನ. ಆದ್ದರಿಂದ ಆಯಿಲ್ ಡೂಪ್ಲಿಕೇಟ್ ಎನ್ನಲು ಈ ಕಾಗದದಲ್ಲಿ ಆಧಾರವಿಲ್ಲ. ಅನುಮಾನ ಪೂರ್ತಿ ಹೋಗಬೇಕಾದರೆ ಅದೇ ಡಬ್ಬಿಯ ಹೊಸ ಆಯಿಲನ್ನೂ ಒಂದು ಸಲ ಟೆಸ್ಟ್ ಮಾಡಿಸಿ. ಹೊಸದರ ಅಂಕಿ ಕೈಯಲ್ಲಿಲ್ಲದೆ ಹಳೆಯದರ ಅಂಕಿ ಓದುವುದು, ಹುಟ್ಟಿದಾಗಿನ ತೂಕ ಗೊತ್ತಿಲ್ಲದೆ ಮಗು ಎಷ್ಟು ಬೆಳೆಯಿತು ಎಂದು ಹೇಳಿದ ಹಾಗೆ.

ಇನ್ನು ಎಂಜಿನ್. ಆಯಿಲಿನಲ್ಲಿ ಬೆರೆತು ಬಂದ ಲೋಹ ಅಳೆದು ಎಂಜಿನ್ ಸವೆತ ಊಹಿಸುವುದು ಹಳೆಯ ವಿದ್ಯೆ. 1946ರಲ್ಲಿ ಅಮೆರಿಕದ ಡೆನ್ವರ್ ಅಂಡ್ ರಿಯೊ ಗ್ರಾಂಡೆ ರೈಲ್ವೆಯವರು ಡೀಸೆಲ್ ಲೋಕೋಗಳ ಮೇಲೆ ಇದನ್ನು ಮಾಡಿ ತೋರಿಸಿದರು. ನಮ್ಮ ರೈಲ್ವೆಯ ಡೀಸೆಲ್ ಶೆಡ್‌ಗಳಲ್ಲೂ ಇದು ರೂಢಿಯ ಕೆಲಸ. ಕಬ್ಬಿಣ ಬರುವುದು ಲೈನರ್, ಕ್ರ್ಯಾಂಕ್, ಗೇರುಗಳಿಂದ. ಅಲ್ಯೂಮಿನಿಯಂ ಪಿಸ್ಟನ್ನಿಂದ, ಕ್ರೋಮಿಯಂ ರಿಂಗಿನಿಂದ, ಸೀಸ ಮತ್ತು ತವರ ಬೇರಿಂಗಿನಿಂದ, ತಾಮ್ರ ಬುಶ್, ಬೇರಿಂಗ್ ಇಲ್ಲವೇ ಆಯಿಲ್ ಕೂಲರಿನಿಂದ. ಸೋಡಿಯಂ, ಪೊಟ್ಯಾಸಿಯಂ ಏರಿದರೆ ಕೂಲಂಟ್ ಸೋರಿದೆ ಎಂದು ಅನುಮಾನ. ಸಿಲಿಕಾನ್ ಹೆಚ್ಚಾಗಿ ಮಣ್ಣಿನದು. ಇತ್ತೀಚೆಗೆ ಗ್ಯಾಸ್ಕೆಟ್ ಸೀಲಂಟ್ ಹಚ್ಚಿದ್ದರೂ ಸಿಲಿಕಾನ್ ಏರುತ್ತದೆ, ಆದರೆ ಆಗ ಅದೊಂದೇ ಏರುತ್ತದೆ.

ಈ ಪಟ್ಟಿ ಎಲ್ಲ ಲ್ಯಾಬಿನ ಗೋಡೆಯ ಮೇಲೂ ಇರುತ್ತದೆ. ಕಬ್ಬಿಣ 100 ದಾಟಿತು, ಲೈನರ್ ಹೋಯಿತು ಎಂದು ಕ್ಯಾಂಪಿನವರು ಹೇಳಿದ್ದು ಅದನ್ನೇ ನೋಡಿಕೊಂಡು. ಆದರೆ ನಿಮ್ಮ ಗಾಡಿ ಓಡುವುದು ಸಂಡೂರಿನಲ್ಲಿ. ನಿಮ್ಮ ರಸ್ತೆಯ ಬದಿಯ ಬೇವಿನ ಎಲೆ ಯಾವ ಬಣ್ಣ ಎಂದು ನಿಮಗೇ ಗೊತ್ತು. ಆ ಕೆಂಪು ಧೂಳು ಹೆಮಟೈಟ್ ಅದಿರಿನದು, ಕಬ್ಬಿಣದ ಆಕ್ಸೈಡ್. ಅದರ ಜೊತೆ ಸಿಲಿಕಾ ಇದೆ, ಅಲ್ಯೂಮಿನಾ ಇದೆ. ಬೇರೆ ಊರಿನಲ್ಲಿ ಎಂಜಿನ್ ಧೂಳು ಕುಡಿದರೆ ಸಿಲಿಕಾನ್, ಅಲ್ಯೂಮಿನಿಯಂ ಏರುತ್ತವೆ. ಸಂಡೂರಿನಲ್ಲಿ ಕುಡಿದರೆ ಜೊತೆಗೆ ಕಬ್ಬಿಣವೂ ಏರುತ್ತದೆ. ಲ್ಯಾಬಿನ ಯಂತ್ರಕ್ಕೆ ಕಬ್ಬಿಣ ಎಂದರೆ ಕಬ್ಬಿಣ. ಅದು ಲೈನರಿನದೋ ಗಣಿಯದೋ ಎಂದು ಯಂತ್ರ ಕೇಳುವುದಿಲ್ಲ, ನಾವು ಕೇಳಬೇಕು.

ನಿಮ್ಮ ಅದೃಷ್ಟಕ್ಕೆ ಎರಡನೇ ಗಾಡಿಯ ಅಂಕಿ ಬರೆದಿದ್ದೀರಿ, ನಿಮ್ಮ ಪತ್ರದಲ್ಲಿ ಅತಿ ಬೆಲೆಬಾಳುವ ಸಾಲು ಅದೇ. ಒಂದೇ ಮಾಡೆಲ್, ಒಂದೇ ಆಯಿಲ್, ಒಂದೇ ರಸ್ತೆ, ಒಂದೇ ತಾಸು. ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ಸಿಲಿಕಾನ್ ನಾಲ್ಕು ಪಟ್ಟು, ಅಲ್ಯೂಮಿನಿಯಂ ಹತ್ತಿರಹತ್ತಿರ ನಾಲ್ಕು ಪಟ್ಟು, ಕಬ್ಬಿಣ ಮೂರು ಪಟ್ಟಿಗೆ ಸಮೀಪ. ಮಣ್ಣಿನಲ್ಲಿರುವ ಮೂರೂ ಕೂಡಿ ಏರಿವೆ. ಕ್ರೋಮಿಯಂ ಮಾತ್ರ 4ರಿಂದ 5, ಸೀಸ ಅಲ್ಲೇ ಇದೆ. ಲೈನರ್ ಅಷ್ಟೊಂದು ಸವೆದಿದ್ದರೆ ಅದರ ಮೇಲೆ ಉಜ್ಜುವ ರಿಂಗು ಸುಮ್ಮನಿರುತ್ತಿತ್ತೇ? ರಿಂಗಿಗೆ ಕ್ರೋಮ್ ಲೇಪ ಇದ್ದರೆ ಕ್ರೋಮಿಯಂ ಸಹ ಜೊತೆಗೆ ಏರಬೇಕಿತ್ತು. ನಿಮ್ಮ ಎಂಜಿನ್ನಿನ ರಿಂಗಿಗೆ ಯಾವ ಲೇಪ ಎಂದು ಪಾರ್ಟ್ಸ್ ಅಂಗಡಿಯಲ್ಲಿ ಕೇಳಿಕೊಳ್ಳಿ. ಕ್ರೋಮ್ ಅಲ್ಲದಿದ್ದರೆ ನನ್ನ ಈ ಒಂದು ವಾದದ ಬಲ ಕಡಿಮೆಯಾಗುತ್ತದೆ, ಉಳಿದವು ಹಾಗೇ ನಿಲ್ಲುತ್ತವೆ.

ಸ್ಯಾಂಪಲ್ ತೆಗೆದ ರೀತಿ ಕೇಳಿ ಬೇಸರವಾಯಿತು. ಯಾರ್ಡಿನಲ್ಲಿ, ಧೂಳು ಹಾರುವಲ್ಲಿ, ಪ್ಲಗ್ ಬಿಚ್ಚಿದಾಗ ಮೊದಲು ಬರುವ ಆಯಿಲನ್ನು ಹಳೇ ನೀರಿನ ಬಾಟಲಿಗೆ ಹಿಡಿದರೆ, ಪ್ಲಗ್ಗಿನ ಸುತ್ತ ಮೆತ್ತಿದ ಅದಿರಿನ ಕೆಸರೂ ಜೊತೆಗೇ ಬಂದಿರುತ್ತದೆ. ಹುಡುಗ ಎರಡೂ ಗಾಡಿಯದನ್ನು ಹಾಗೇ ಹಿಡಿದಿರುವುದರಿಂದ ಇಷ್ಟೊಂದು ವ್ಯತ್ಯಾಸ ಬರೀ ಬಾಟಲಿಯಿಂದ ಬಂದಿದೆ ಎನ್ನಲು ನನಗೆ ಮನಸ್ಸಿಲ್ಲ. ಆದರೂ ಒಂದೂವರೆ ಲಕ್ಷದ ತೀರ್ಮಾನಕ್ಕೆ ಅಂಥ ಬಾಟಲಿ ಆಧಾರವಾಗಬಾರದು. ಮುಂದಿನ ಸಲ ಗಾಡಿ ಓಡಿ ಬಂದು ಎಂಜಿನ್ ಬಿಸಿಯಿರುವಾಗಲೇ ತೆಗೆಯಿರಿ. ಡಿಪ್‌ಸ್ಟಿಕ್ ಕೊಳವೆಯೊಳಗೆ ಹೊಸ ಪೈಪ್ ಇಳಿಸಿ ಕೈಪಂಪಿನಿಂದ ಎಳೆಯುವುದು ಒಳ್ಳೆಯದು. ಪ್ಲಗ್ಗಿನಿಂದಲೇ ಹಿಡಿಯಬೇಕಾದರೆ ಸುತ್ತ ಒರೆಸಿ, ಮೊದಲ ಒಂದೆರಡು ಲೀಟರ್ ಬಿಟ್ಟು, ನಡುವಿನ ಧಾರೆಯನ್ನು ಲ್ಯಾಬಿನವರೇ ಕೊಟ್ಟ ಬಾಟಲಿಗೆ ಹಿಡಿಯಿರಿ. 100 ಎಂ.ಎಲ್. ಸಾಕು. ಆಯಿಲ್ ಎಷ್ಟು ತಾಸು ಓಡಿದೆ, ಎಷ್ಟು ಟಾಪಪ್ ಹಾಕಿದಿರಿ ಎಂದು ಬರೆಯುವುದನ್ನು ಮರೆಯಬೇಡಿ. ಟಾಪಪ್ ಹಾಕಿದಷ್ಟೂ ಲೋಹದ ಅಂಕಿ ತೆಳುವಾಗುತ್ತದೆ.

ಈ ಟೆಸ್ಟಿಗೆ ಒಂದು ಕುರುಡುತನ ಇದೆ, ಅದನ್ನು ಹೇಳದೆ ಬಿಡುವುದು ಮೋಸ. ಲೋಹ ಅಳೆಯುವ ಯಂತ್ರಕ್ಕೆ ಕಾಣುವುದು ಸುಮಾರು 5ರಿಂದ 8 ಮೈಕ್ರಾನ್‌ವರೆಗಿನ ಕಣ ಮಾತ್ರ. ಬೇರಿಂಗ್ ಚಕ್ಕೆಚಕ್ಕೆಯಾಗಿ ಏಳುತ್ತಿದ್ದರೂ ರಿಪೋರ್ಟು ಶುದ್ಧವಾಗಿ ಬರಬಹುದು. ಅದಕ್ಕೇ ಪಿಕ್ಯು ಎನ್ನುವ ಇನ್ನೊಂದು ಟೆಸ್ಟ್ ಇದೆ, ದೊಡ್ಡ ಉಕ್ಕಿನ ಕಣಗಳನ್ನು ಕಾಂತದ ಗುಣದಿಂದ ಹಿಡಿಯುತ್ತದೆ. ಲ್ಯಾಬುಗಳನ್ನು ಪರಿಶೀಲಿಸುವ ಎನ್‌ಎಬಿಎಲ್ ಸಂಸ್ಥೆಯ ಮಾನ್ಯತೆ ಇರುವ ಲ್ಯಾಬಿಗೆ ಕಳಿಸಿ, ಅದನ್ನೂ ಸೇರಿಸಿ ಎಂದು ಕೇಳಿ. ಮನೆಯಲ್ಲೇ ಮಾಡಬಹುದಾದ ಇನ್ನೊಂದು ಕೆಲಸವೂ ಇದೆ: ತೆಗೆದ ಆಯಿಲ್ ಫಿಲ್ಟರನ್ನು ಎಸೆಯದೆ ಕತ್ತರಿಸಿ, ಕಾಗದ ಬಿಡಿಸಿ, ಸ್ವಚ್ಛ ಡೀಸೆಲ್‌ನಲ್ಲಿ ಜಾಲಿಸಿ, ಕೆಳಗೆ ಕೂತಿದ್ದನ್ನು ಬಿಸಿಲಿಗೆ ಹಿಡಿದು ನೋಡಿ. ಹೊಳೆಯುವ ಚಕ್ಕೆಗಳು ಕಂಡು, ಅಯಸ್ಕಾಂತಕ್ಕೆ ಚಟ್ಟನೆ ಅಂಟಿದರೆ ಉಕ್ಕು, ಗಾಡಿ ನಿಲ್ಲಿಸಿ. ಹೊಳೆದೂ ಅಂಟದಿದ್ದರೆ ಬೇರಿಂಗಿನದೋ ಪಿಸ್ಟನ್ನಿನದೋ; ಆಗಲೂ ನಿಲ್ಲಿಸಿ. ಮಸಿಯ ಜೊತೆ ಕೆಂಪು ಕಂದು ಪುಡಿ, ಅಯಸ್ಕಾಂತಕ್ಕೆ ಅಷ್ಟಾಗಿ ಸ್ಪಂದಿಸದ್ದು, ಕಂಡರೆ ಅದು ನಿಮ್ಮ ಗಣಿಯದೇ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಕಬ್ಬಿಣ ಧೂಳಿನದು ಎಂದೆನೇ ಹೊರತು ಎಂಜಿನ್ ಕ್ಷೇಮ ಎನ್ನಲಿಲ್ಲ. ಹೆಮಟೈಟ್ ಗಟ್ಟಿ ಖನಿಜ, ಜೊತೆಗಿರುವ ಸಿಲಿಕಾ ಇನ್ನೂ ಗಟ್ಟಿ. ರಿಂಗು ಮತ್ತು ಲೈನರ್ ನಡುವೆ ಆಯಿಲಿನ ಪದರ ಕೆಲವೇ ಮೈಕ್ರಾನ್ ದಪ್ಪ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್. ಆ ಪದರಕ್ಕಿಂತ ಸ್ವಲ್ಪ ದೊಡ್ಡ ಕಣ ಎರಡೂ ಕಡೆ ತಾಗಿ ಕೆರೆಯುತ್ತದೆ. ಹೀಗೇ ಬಿಟ್ಟರೆ ಕ್ಯಾಂಪಿನವರ ಮಾತು ಒಂದು ವರ್ಷ ತಡವಾಗಿ ನಿಜವಾಗಬಹುದು.

ಹಾಗಾದರೆ ಧೂಳು ಎಲ್ಲಿಂದ? ಬಿಳಿ ಬಟ್ಟೆಯೊಂದನ್ನು ತೆಗೆದುಕೊಳ್ಳಿ. ಏರ್ ಫಿಲ್ಟರಿನಿಂದ ಟರ್ಬೊಗೆ ಹೋಗುವ ಹೋಸ್ ಬಿಚ್ಚಿ, ಅದರ ಒಳಮೈಯನ್ನು ಒರೆಸಿ. ಫಿಲ್ಟರ್ ದಾಟಿದ ಗಾಳಿ ಮಾತ್ರ ಅಲ್ಲಿ ಇರಬೇಕು. ಬಟ್ಟೆ ಕೆಂಪಾದರೆ ಕಳ್ಳ ಸಿಕ್ಕ. ಎರಡನೇ ಗಾಡಿಯಲ್ಲೂ ಅದೇ ಜಾಗ ಒರೆಸಿ, ಎರಡು ಬಟ್ಟೆ ಪಕ್ಕದಲ್ಲಿ ಹಾಸಿ. ನಾನು ನೋಡಿದ ಇಂಥ ಪ್ರಕರಣಗಳಲ್ಲಿ ಬಹಳ ಸಲ ಕಾರಣ ಸಣ್ಣದೇ ಇರುತ್ತಿತ್ತು: ಸಡಿಲಾದ ಕ್ಲಾಂಪ್, ರಬ್ಬರ್ ಹೋಸಿನ ಮಡಿಕೆಯ ಒಳಗೆ ಕಣ್ಣಿಗೆ ಬೀಳದ ಸೀಳು, ಫಿಲ್ಟರ್ ಡಬ್ಬಿಯ ಅಂಚು ಜಜ್ಜಿ ಸೀಲ್ ಕೂರದಿರುವುದು. ಡಿಪ್‌ಸ್ಟಿಕ್ಕಿನ ರಬ್ಬರ್, ಆಯಿಲ್ ಹಾಕುವ ಮುಚ್ಚಳ ಇವನ್ನೂ ನೋಡಿ. ಟಾಪಪ್ ಮಾಡಲು ಕ್ಲೀನರ್ ಯಾವ ಮಗ್ ಬಳಸುತ್ತಾನೆ, ಅದನ್ನು ಎಲ್ಲಿ ಇಡುತ್ತಾನೆ ಎಂದು ಒಂದು ದಿನ ನಿಂತು ಗಮನಿಸಿ.

ಏರ್ ಫಿಲ್ಟರ್ ಬಗ್ಗೆ ಕೈಮುಗಿದು ಕೇಳುತ್ತೇನೆ. ಗಣಿ ಕಡೆಯ ಗಾಡಿಗಳಲ್ಲಿ ದಿನವೂ ಫಿಲ್ಟರ್ ತೆಗೆದು ಟೈರಿಗೆ ಬಡಿದು, ಕಂಪ್ರೆಸರ್ ಗಾಳಿ ಹೊಡೆದು ಮತ್ತೆ ಹಾಕುವುದನ್ನು ನೋಡಿದ್ದೇನೆ. ಅದು ಕಾಳಜಿಯಿಂದಲೇ ಮಾಡುವ ಕೆಲಸ, ಆದರೆ ಎಂಜಿನ್ನಿಗೆ ಮಾಡುವ ದೊಡ್ಡ ಅಪಕಾರ. ಬಡಿದಾಗ ಅಂಚಿನ ಸೀಲ್ ಬಾಗುತ್ತದೆ, ಜೋರು ಗಾಳಿಗೆ ಕಾಗದದಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತದೆ, ತೆಗೆದಾಗಲೆಲ್ಲ ಸ್ವಲ್ಪ ಧೂಳು ಒಳಬದಿಗೆ ಉದುರುತ್ತದೆ. ಸ್ವಲ್ಪ ಧೂಳು ಕೂತ ಕಾಗದದ ಫಿಲ್ಟರ್ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ಫಿಲ್ಟರ್ ಕಟ್ಟಿದೆ ಎಂದು ಸೂಚಿಸುವ ಇಂಡಿಕೇಟರ್ ಕೆಂಪು ತೋರಿಸಿದಾಗ ಮುಟ್ಟಿ, ಅಲ್ಲಿಯತನಕ ಬೇಡ. ಒಳಗಿನ ಚಿಕ್ಕ ಫಿಲ್ಟರಿಗೆ ಎಂದೂ ಗಾಳಿ ಹೊಡೆಯಬೇಡಿ, ಬದಲಿಸಿ ಅಷ್ಟೇ. ಡಬ್ಬಿಯ ಕೆಳಗೆ ಧೂಳು ಉದುರಿಸುವ ರಬ್ಬರ್ ಬಾಯಿ ಇರುತ್ತದೆ. ಅದು ಕಟ್ಟಿಕೊಂಡಿದೆಯೋ, ಬಿದ್ದೇ ಹೋಗಿದೆಯೋ ನೋಡಿ.

ಇಷ್ಟು ತಿಳಿದ ಮೇಲೆ ನಿಮ್ಮ ಮುಂದಿರುವ ದಾರಿಗಳನ್ನು ತೂಗಿ ನೋಡಬಹುದು. ಈಗಲೇ ಎಂಜಿನ್ ಬಿಚ್ಚಿಸಿದರೆ ಹಣ, ಹತ್ತು ದಿನದ ಬಾಡಿಗೆ ಹೋಗುತ್ತವೆ. ಅದಕ್ಕಿಂತ ದೊಡ್ಡ ಅಪಾಯ ಎಂದರೆ ಹೋಸಿನ ಸೀಳು ಹಾಗೇ ಉಳಿದರೆ ಹೊಸ ಲೈನರ್, ಹೊಸ ರಿಂಗೂ ಅದೇ ಧೂಳಿಗೆ ಬಲಿ. ಸಂಡೂರಿನ ಬಯಲು ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿಟ್ಟರೆ ಅದಿರಿನ ಧೂಳು ನೇರವಾಗಿ ಕ್ರ್ಯಾಂಕಿನ ಮೇಲೇ ಕೂರುತ್ತದೆ. ಅದೇ ಕಾರಣಕ್ಕೆ, ಮುಂದೆ ಎಂದಾದರೂ ಬಿಚ್ಚಲೇಬೇಕಾದರೆ ಮುಚ್ಚಿದ ಶೆಡ್ ಇರುವಲ್ಲಿಗೆ ಒಯ್ಯಿರಿ. ಏನೂ ಮಾಡದಿದ್ದರೆ ಆಗುವುದನ್ನು ಮೇಲೆ ಹೇಳಿದೆ. ಬರೀ ಆಯಿಲನ್ನು 200 ತಾಸಿಗೇ ಬದಲಿಸುತ್ತಾ ಹೋದರೆ ಅಂಕಿ ಅರ್ಧ ಕಾಣುತ್ತದೆ, ಧೂಳು ಒಳಗೆ ಹೋಗುವುದು ನಿಲ್ಲುವುದಿಲ್ಲ. ಆಯಿಲ್ ಗಟ್ಟಿ ಮಾಡುವ ಡಬ್ಬಿ ಔಷಧಿ ಸುರಿಯಿರಿ ಎಂದು ಯಾರಾದರೂ ಹೇಳಿದರೆ ಬೇಡ ಅನ್ನಿ; ಆಯಿಲಿನಲ್ಲಿ ಈಗಾಗಲೇ ಇರುವ ರಾಸಾಯನಿಕಗಳ ಲೆಕ್ಕ ಕೆಡುತ್ತದೆ, ಮುಂದಿನ ರಿಪೋರ್ಟೂ ಕೆಡುತ್ತದೆ.

ನಾನಾದರೆ ಹೀಗೆ ಮಾಡುತ್ತಿದ್ದೆ. ಗಾಳಿ ಒಳಗೆ ಹೋಗುವ ದಾರಿಯನ್ನೆಲ್ಲ ಸರಿಪಡಿಸಿ, ಹೊರಗಿನ, ಒಳಗಿನ ಎರಡೂ ಏರ್ ಫಿಲ್ಟರ್ ಹೊಸದು ಹಾಕಿ, ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸುತ್ತಿದ್ದೆ. ಟರ್ಬೊದ ಗಾಳಿ ಎಳೆಯುವ ಚಕ್ರದ ಅಲಗುಗಳು ಸವೆದಿವೆಯೇ ಎಂದು ಹೋಸ್ ಬಿಚ್ಚಿದಾಗಲೇ ನೋಡಿಕೊಳ್ಳುತ್ತಿದ್ದೆ. ಮೇಸ್ತ್ರಿಯಿಂದ ಬ್ಯಾಕ್ ಕಂಪ್ರೆಷನ್, ಅಂದರೆ ರಿಂಗು ದಾಟಿ ಚೇಂಬರಿಗೆ ಬರುವ ಗಾಳಿಯ ಒತ್ತಡ, ನೋಡಿಸುತ್ತಿದ್ದೆ. ಇಲ್ಲಿ ಅವರ ಅನುಭವ ನನ್ನ ಲ್ಯಾಬಿಗಿಂತ ಮೇಲು. 200 ತಾಸಿಗೆ ಎರಡೂ ಗಾಡಿಯ ಸ್ಯಾಂಪಲ್, ಮತ್ತೆ 400ಕ್ಕೆ. ಹಳೇ ಆಯಿಲ್ ಸ್ವಲ್ಪ ಉಳಿದಿರುವುದರಿಂದ ಮೊದಲ ಅಂಕಿ ಪೂರ್ತಿ ಇಳಿಯದಿದ್ದರೆ ಗಾಬರಿಯಾಗಬೇಡಿ. ಸಿಲಿಕಾನ್, ಅಲ್ಯೂಮಿನಿಯಂ, ಕಬ್ಬಿಣ ಮೂರೂ ಒಟ್ಟಿಗೆ ಎರಡನೇ ಗಾಡಿಯ ಕಡೆಗೆ ಇಳಿದು ಬಂದರೆ ಎಂಜಿನ್ ಮುಟ್ಟುವ ಅಗತ್ಯವಿಲ್ಲ.

ಸಿಲಿಕಾನ್ ಇಳಿದೂ ಕಬ್ಬಿಣ ಏರುತ್ತಲೇ ಇದ್ದರೆ, ಕ್ರೋಮಿಯಂ ಜೊತೆಗೂಡಿದರೆ, ಟಾಪಪ್ ಎರಡು ಲೀಟರಿನಿಂದ ನಾಲ್ಕಕ್ಕೆ ಹೋದರೆ, ಆಗ ಕ್ಯಾಂಪಿನವರ ಮಾತೇ ಸರಿ ಎಂದು ಒಪ್ಪಿ ಬಿಚ್ಚಿಸಿ. ಸೀಸ ಏರಿ ಆಯಿಲ್ ಪ್ರೆಷರ್ ಬಿದ್ದರೆ ಮುಂದಿನ ಟ್ರಿಪ್ಪಿಗೂ ಕಾಯಬೇಡಿ, ಬೇರಿಂಗ್ ಹೋದರೆ ಕ್ರ್ಯಾಂಕ್ ಹೋಗುತ್ತದೆ.

ಟೆಸ್ಟುಗಳ ನಡುವೆ ನೀವೇ ಮಾಡಬಹುದಾದ ಎರಡು ಪರೀಕ್ಷೆ. ಸೋಸು ಕಾಗದದ ಮೇಲೆ ಬಿಸಿ ಆಯಿಲಿನ ಒಂದು ಹನಿ ಬಿಟ್ಟು, ಕೆಳಗೆ ಏನೂ ತಾಗದಂತೆ ಇಟ್ಟು, ರಾತ್ರಿ ಬಿಡಿ. ಕಪ್ಪು ಮೆಲ್ಲಗೆ ತೆಳುವಾಗುತ್ತಾ ಅಂಚಿನವರೆಗೆ ಹರಡಿದ್ದರೆ ಆಯಿಲ್ ಇನ್ನೂ ಮಸಿ ಹೊರುತ್ತಿದೆ. ನಡುವೆ ಗಟ್ಟಿ ಕಪ್ಪು ಬೊಟ್ಟು, ಸುತ್ತ ಬರೀ ಎಣ್ಣೆಯ ವರ್ತುಲ ಆದರೆ ಅದರ ಶಕ್ತಿ ಮುಗಿದಿದೆ. ಪ್ರತಿ ಕಾಗದದ ಮೇಲೆ ತಾರೀಖು, ತಾಸು ಬರೆದಿಡಿ. ಇನ್ನೊಂದು ನೀರಿನ ಪರೀಕ್ಷೆ: ಸುಮಾರು 160 ಡಿಗ್ರಿಗೆ ಕಾದ ಹಾಟ್‌ಪ್ಲೇಟಿನ ಮೇಲೆ ಒಂದೇ ಹನಿ ಬಿಟ್ಟಾಗ ಒಗ್ಗರಣೆಯಂತೆ ಚಟಪಟ ಅಂದರೆ ನೀರಿದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಡೀಸೆಲ್ ಇರುವಲ್ಲಿ ಮಾಡಬೇಡಿ. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ತಾನಾಗಿ ಏರಿದರೆ, ಅಥವಾ ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ಇದಾವುದಕ್ಕೂ ಕಾಯದೆ ಎಂಜಿನ್ ಆಫ್ ಮಾಡಿ.

ನಿಮ್ಮ ಕೊನೆಯ ಪ್ರಶ್ನೆಯನ್ನು ಸಣ್ಣದು ಎಂದಿರಿ, ನನಗೆ ಹಾಗನ್ನಿಸಲಿಲ್ಲ. ಹಳೇ ಎಂಜಿನ್ ಆಯಿಲಿನಲ್ಲಿ ಸೀಸದಂಥ ಲೋಹಗಳಿವೆ, ಇಂಧನ ಉರಿದಾಗ ಹುಟ್ಟಿದ, ಚರ್ಮಕ್ಕೆ ಕ್ಯಾನ್ಸರ್ ತರಬಲ್ಲ ವಸ್ತುಗಳಿವೆ. ದನ ಮೈ ನೆಕ್ಕುತ್ತದೆ, ಕರು ಕೆಚ್ಚಲಿಗೆ ಬಾಯಿ ಹಾಕುತ್ತದೆ, ಹಚ್ಚುವವರ ಕೈಯೂ ಅದರಲ್ಲೇ ಅದ್ದಿರುತ್ತದೆ. ಉಣ್ಣಿಗೆ ಪಶು ಆಸ್ಪತ್ರೆಯಲ್ಲಿ ಔಷಧಿ ಕೊಡುತ್ತಾರೆ, ಅಣ್ಣನಿಗೆ ಅದನ್ನು ತರಲು ಹೇಳಿ. ಹಳೇ ಆಯಿಲ್ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ನೆಲಕ್ಕೆ, ಚರಂಡಿಗೆ ಬಿಡುವಂತಿಲ್ಲ. ಮುಚ್ಚಳವಿರುವ ಬ್ಯಾರೆಲ್ಲಿನಲ್ಲಿ ನೀರು, ಕೂಲಂಟ್ ಬೆರೆಯದಂತೆ ಕೂಡಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರ ತೋರಿಸುವವರಿಗೇ ಕೊಡಿ. ಪತ್ರ ತೋರಿಸದೆ ಹೆಚ್ಚು ದುಡ್ಡು ಕೊಡುತ್ತೇನೆ ಎನ್ನುವವರಿಗೆ ಕೊಟ್ಟರೆ, ಅದೇ ಆಯಿಲನ್ನು ಬರೀ ಸೋಸಿ ಹೊಸ ಡಬ್ಬಿಗೆ ತುಂಬಿ ನಿಮ್ಮದೇ ರಸ್ತೆಯ ಇನ್ನೊಬ್ಬರ ಗಾಡಿಗೆ ಮಾರುವ ಸಾಧ್ಯತೆ ಇದೆ.

200 ತಾಸಿನ ರಿಪೋರ್ಟ್ ಬಂದ ಮೇಲೆ ಎರಡೂ ಗಾಡಿಯ ಅಂಕಿ, ಬಿಳಿ ಬಟ್ಟೆಯಲ್ಲಿ ಏನು ಕಂಡಿತು ಎನ್ನುವುದು ಎರಡನ್ನೂ ಬರೆದು ಕಳಿಸಿ, ನೋಡಿ ಹೇಳುತ್ತೇನೆ.